ಮಗನ ಗಿಡ್ಡ ಹೆಬ್ಬೆರಳು ಮತ್ತು ಒಡೆದ ಬದು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು. ಹುಟ್ಟುವಾಗಲೇ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಗಿಡ್ಡ. ಅವೆರಡರ ನಡುವಿನ ಚರ್ಮ ಸ್ವಲ್ಪ ಅಂಟಿಕೊಂಡ ಹಾಗಿದೆ. ನಮ್ಮ ಯಜಮಾನರಿಗೂ ಹೆಬ್ಬೆರಳು ಗಿಡ್ಡವೇ, ಆದರೆ ಇಷ್ಟಿಲ್ಲ. ತೀರಿಕೊಂಡ ಮಾವನವರಿಗೂ ಇತ್ತಂತೆ. ಯಜಮಾನರ ಅಕ್ಕನಿಗೆ ಇಲ್ಲ. ನಾನು ಆರು ತಿಂಗಳ ಬಸುರಿ ಇದ್ದಾಗ ಗ್ರಹಣದ ದಿನ ಮೆಟ್ಟುಗತ್ತಿಯಲ್ಲಿ ಹಲಸಿನಕಾಯಿ ಹೆಚ್ಚಿದ್ದೆ, ಅದಕ್ಕೇ ಮಗುವಿಗೆ ಜಾಸ್ತಿ ಆಯ್ತು ಅಂತ ಅತ್ತೆ ಈಗಲೂ ಹೇಳ್ತಾರೆ. ಬೆಂಗಳೂರಿನಲ್ಲಿ ಮೈಕ್ರೋಅರೇ ಅನ್ನುವ ರಕ್ತಪರೀಕ್ಷೆ ಮಾಡಿಸಿದೆವು. 2ನೇ ಕ್ರೋಮೋಸೋಮಿನಲ್ಲಿ ಸುಮಾರು 18 ಲಕ್ಷ ಅಕ್ಷರ ಕಾಣೆಯಾಗಿವೆ, ಇಪಿಎಚ್‌ಎ-4 ಅನ್ನುವ ಜೀನಿನ ಒಂದು ಪ್ರತಿ ಹೋಗಿದೆ, ಇದರ ಅರ್ಥ ಖಚಿತವಿಲ್ಲ ಅಂತ ರಿಪೋರ್ಟ್ ಬಂತು. ಡಾಕ್ಟರು ರಿಪೋರ್ಟಿನ ಹಿಂದೆ ಎರಡು ಡಬ್ಬಿ ಬರೆದು, ನಡುವೆ ಗೆರೆ ಎಳೆದು, ಆ ಗೆರೆಯನ್ನು ಹೊಡೆದು ಹಾಕಿದರು. 'ಟ್ಯಾಡ್ ಬೌಂಡರಿ ಹೋಗಿದೆ, ಪಕ್ಕದ ಪ್ಯಾಕ್ಸ್-3 ತಪ್ಪು ಜಾಗದಲ್ಲಿ ಕೆಲಸ ಮಾಡಿದೆ' ಅಂದರು. ಐದು ನಿಮಿಷದಲ್ಲಿ ಮುಗಿಯಿತು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಅಂತೆಲ್ಲ ಬಂತು. 18 ಲಕ್ಷ ಅಕ್ಷರ ಇಲ್ಲದವನ ಬುದ್ಧಿ ಸರಿಯಾಗಿ ಬೆಳೆಯುತ್ತದಾ? ಪ್ಯಾಕ್ಸ್-3 ಜೀನ್ ಸರಿ ಇದ್ದ ಮೇಲೆ ತೊಂದರೆ ಯಾಕೆ? ಇನ್ನೊಂದು ಮಗು ಬೇಕು ಅಂತ ಆಸೆ. ಧೈರ್ಯ ಮಾಡಬಹುದಾ?

ಉತ್ತರ: ಮೊದಲು ಆ ಐದು ನಿಮಿಷದ ಬಗ್ಗೆ. ನನ್ನ ಓಪಿಡಿಯಲ್ಲೂ ಎಷ್ಟೋ ಸಲ ಹೀಗೇ ಆಗಿದೆ. ಹೊರಗೆ ಮೂವತ್ತು ಜನ ಕೂತಿರುತ್ತಾರೆ, ಒಳಗೆ ನಾವು ಡಬ್ಬಿ ಬರೆದು ಕಳಿಸುತ್ತೇವೆ. ಆದರೆ ನಿಮ್ಮ ಡಾಕ್ಟರು ಬರೆದುಕೊಟ್ಟ ಚಿತ್ರ ಸರಿಯಾಗಿಯೇ ಇದೆ. ನನ್ನ ಕೇಳಿದರೆ, ರಿಪೋರ್ಟಿನ ಮುಂಬದಿಯಲ್ಲಿ ಅಚ್ಚಾದ 'ಅರ್ಥ ಖಚಿತವಿಲ್ಲ' ಅನ್ನುವ ಸಾಲಿಗಿಂತ ಹಿಂದೆ ಪೆನ್ನಿನಲ್ಲಿ ಬರೆದದ್ದೇ ಹೆಚ್ಚು ಬೆಲೆಯದ್ದು. ಲ್ಯಾಬಿನವರು ಯಾವ ಜೀನ್ ಹೋಯಿತು ಅಂತ ಎಣಿಸಿದ್ದಾರೆ. ನಿಮ್ಮ ಡಾಕ್ಟರು ಜೀನುಗಳ ನಡುವೆ ಇದ್ದದ್ದು ಏನು ಹೋಯಿತು ಅಂತ ನೋಡಿದ್ದಾರೆ.

ಹಲಸಿನಕಾಯಿಯ ವಿಷಯ ಬೇಗ ಮುಗಿಸೋಣ. ಗರ್ಭ ಕಟ್ಟಿ ನಾಲ್ಕು ವಾರ ಆಗುವಾಗ ಭ್ರೂಣದ ಪಕ್ಕದಲ್ಲಿ ಕೈಯ ಮೊಗ್ಗು ಮೂಡುತ್ತದೆ. ಆರನೇ ವಾರದ ಹೊತ್ತಿಗೆ ಅದು ಸೌಟಿನ ಹಾಗೆ ಚಪ್ಪಟೆ. ಎಂಟನೇ ವಾರ ಮುಗಿಯುವಷ್ಟರಲ್ಲಿ ಐದು ಬೆರಳೂ ಬಿಡಿಬಿಡಿ. ಅಂದರೆ ಮುಟ್ಟು ನಿಂತು ಒಂದೂವರೆ ತಿಂಗಳು ಆಗುವಾಗ ಬೆರಳಿನ ಕೆಲಸ ಮುಗಿದಿರುತ್ತದೆ. ನೀವು ಆರನೇ ತಿಂಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತಾಗ ನಿಮ್ಮ ಮಗನ ಹೆಬ್ಬೆರಳು ಈಗಿನ ಆಕಾರಕ್ಕೆ ಬಂದು ಸುಮಾರು ಮೂರೂವರೆ ತಿಂಗಳಾಗಿತ್ತು. ಅಪ್ಪನಿಗಿಂತ ಮಗನಿಗೆ ಜಾಸ್ತಿ ಯಾಕೆ ಅಂದರೆ, ಒಂದೇ ಬದಲಾವಣೆ ಒಂದೇ ಮನೆಯಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ಥರ ಕಾಣಿಸುವುದು ನಮಗೆ ದಿನಾ ಕಾಣುವ ಸಂಗತಿ. ಉಳಿದ ಜೀನುಗಳ ಪ್ರಭಾವವೂ ಇರುತ್ತದೆ, ಬರೀ ಆಕಸ್ಮಿಕವೂ ಇರುತ್ತದೆ. ಅತ್ತೆಯವರಿಗೆ ಇದನ್ನು ಹೇಳಿ. ಒಪ್ಪುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ.

ಈಗ ಆ ಗೆರೆ. ನಿಮ್ಮ ಕಡೆ ಗದ್ದೆ ಇದೆ, ಹಾಗಾಗಿ ನನ್ನ ಕೆಲಸ ಸುಲಭ. ಮೇಲಿನ ಮಡಿಯಲ್ಲಿ ಭತ್ತ, ಕೆಳಗಿನ ಮಡಿಯಲ್ಲಿ ಶುಂಠಿ ಹಾಕಿದ್ದೀರಿ ಅಂತ ಇಟ್ಟುಕೊಳ್ಳಿ. ಭತ್ತಕ್ಕೆ ನೀರು ನಿಲ್ಲಬೇಕು. ಶುಂಠಿಗೆ ನೀರು ನಿಂತರೆ ಕೊಳೆ. ಎರಡನ್ನೂ ಕಾಯುವುದು ನಡುವಿನ ಬದು. ಒಂದು ರಾತ್ರಿ ಬದು ಒಡೆದು ಶುಂಠಿ ಹೋಯಿತು. ಬೀಜದ ಶುಂಠಿ ಚೆನ್ನಾಗಿಯೇ ಇತ್ತು. ನೀರೂ ಒಳ್ಳೆಯದೇ. ಹೋದದ್ದು ಒಂದು ಮೊಳ ಮಣ್ಣು.

ಡಿಎನ್‌ಎಯಲ್ಲಿ ಬೆಳೆ ಅಂದರೆ ಜೀನ್. ನಮ್ಮಲ್ಲಿ ಪ್ರೋಟೀನ್ ಮಾಡುವ ಜೀನುಗಳು ಸುಮಾರು 20,000. ಒಟ್ಟು ಅಕ್ಷರ ಸುಮಾರು 300 ಕೋಟಿ. ಪ್ರೋಟೀನಿಗೆ ನೇರವಾಗಿ ಬಳಕೆಯಾಗುವ ಅಕ್ಷರ ನೂರಕ್ಕೆ ಎರಡೂ ಇಲ್ಲ. ಉಳಿದದ್ದನ್ನು ಒಂದು ಕಾಲದಲ್ಲಿ 'ಜಂಕ್' ಅಂತ ಕರೆದುಬಿಟ್ಟರು. ಅದರಲ್ಲಿ ನಿಜವಾದ ಕಸವೂ ಬೇಕಾದಷ್ಟಿದೆ. ಆದರೆ ನೀರು ಬಿಡುವ ತೂಬುಗಳೂ ಅಲ್ಲೇ ಇವೆ. ಅವಕ್ಕೆ ಎನ್‌ಹ್ಯಾನ್ಸರ್ ಅನ್ನುತ್ತಾರೆ. 'ಕೈಯ ಮೊಗ್ಗಿನಲ್ಲಿ, ಐದನೇ ವಾರದಲ್ಲಿ, ಈ ಜೀನ್ ಕೆಲಸ ಮಾಡಲಿ' ಅಂತ ಹೇಳುವ ತುಣುಕು ಅದು. ಮೈಯ ಎಲ್ಲಾ ಜೀವಕೋಶದಲ್ಲೂ ಡಿಎನ್‌ಎ ಒಂದೇ. ಒಂದು ಬೆರಳಾಗಿ ಇನ್ನೊಂದು ಕಣ್ಣಾಗುವುದು ಯಾವ ತೂಬು ಎಲ್ಲಿ ತೆರೆಯಿತು ಅನ್ನುವುದರ ಮೇಲೆ.

ಇಲ್ಲೊಂದು ವಿಚಿತ್ರ ಇದೆ. ತೂಬು ಯಾವಾಗಲೂ ಬೆಳೆಯ ಪಕ್ಕದಲ್ಲೇ ಇರುವುದಿಲ್ಲ. ಬೆರಳುಗಳ ಲೆಕ್ಕ ಇಡುವ ಎಸ್‌ಎಚ್‌ಎಚ್ ಅನ್ನುವ ಜೀನಿಗೆ ಕೈಯಲ್ಲಿ ನೀರು ಬಿಡುವ ತೂಬು ಇರುವುದು ಸುಮಾರು 10 ಲಕ್ಷ ಅಕ್ಷರ ದೂರದಲ್ಲಿ, ಅದೂ ಬೇರೊಂದು ಜೀನಿನ ಹೊಟ್ಟೆಯೊಳಗೆ! ಆ ತೂಬಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಮಗುವಿಗೆ ಆರನೇ ಬೆರಳು ಬರಬಹುದು. ಅಷ್ಟು ದೂರದಿಂದ ನೀರು ಹರಿಯುವ ಊರಿನಲ್ಲಿ ಬದು ಇಲ್ಲದಿದ್ದರೆ ಗತಿ ಏನು, ಅಲ್ವಾ?

ಈ ಬದುಗಳನ್ನು ಮೊದಲು ಸರಿಯಾಗಿ ಗುರುತಿಸಿದ್ದು ಬಾಳೆಹಣ್ಣಿನ ಮೇಲೆ ಕೂರುವ ಆ ಸಣ್ಣ ನೊಣದಲ್ಲಿ. ಅಮೆರಿಕದ ಎಡ್ವರ್ಡ್ ಲೂಯಿಸ್ ಇಡೀ ಜೀವಮಾನ ನೊಣದ ಮೈಯ ಪಟ್ಟಿಗಳನ್ನೇ ನೋಡಿದವರು. ಎದೆಯ ಯಾವ ಭಾಗ ಎದೆಯಾಗಬೇಕು, ಹೊಟ್ಟೆಯ ಯಾವ ಪಟ್ಟಿ ಹೇಗಿರಬೇಕು ಅಂತ ಹೇಳುವ ಡಿಎನ್‌ಎ ತುಣುಕುಗಳು ಕ್ರೋಮೋಸೋಮಿನ ಮೇಲೆ, ಮೈಮೇಲೆ ಪಟ್ಟಿಗಳಿರುವ ಅದೇ ಸಾಲಿನಲ್ಲೇ ಕೂತಿವೆ ಅಂತ ತೋರಿಸಿದರು. 1995ರಲ್ಲಿ ನೊಬೆಲ್ ಬಂತು. ಆ ತುಣುಕುಗಳ ನಡುವೆ ಗಡಿಗಳಿವೆ ಅಂತ ಗೊತ್ತಾದದ್ದು ಗಡಿ ಕಳೆದುಕೊಂಡ ನೊಣಗಳು ಸಿಕ್ಕಾಗ. ಅದರಲ್ಲಿ ಹೆಸರುವಾಸಿಯಾದದ್ದು ಫ್ಯಾಬ್-7.

ನಾನು ವೈದ್ಯಕೀಯ ಜೆನೆಟಿಕ್ಸಿಗೆ ಬರುವ ಮೊದಲು ಸ್ವಲ್ಪ ಕಾಲ ನೊಣದ ಲ್ಯಾಬಿನಲ್ಲಿದ್ದೆ. ಫ್ಯಾಬ್-7 ನೊಣ ಮೊದಲ ಸಲ ನೋಡಿದ್ದು ಇನ್ನೂ ನೆನಪಿದೆ. ಕಾರ್ಬನ್ ಡೈಆಕ್ಸೈಡ್ ಬಿಟ್ಟು ನೊಣಗಳನ್ನು ಮಲಗಿಸಿ, ಬ್ರಷ್ಷಿನ ತುದಿಯಲ್ಲಿ ಮಗುಚಿ ನೋಡಬೇಕು. ಗಂಡು ನೊಣದ ಹೊಟ್ಟೆಯ ಕೊನೆಯಲ್ಲಿ ಎರಡು ದಟ್ಟ ಕಪ್ಪು ಪಟ್ಟಿ ಇರುತ್ತವೆ, ಐದನೆಯದು ಮತ್ತು ಆರನೆಯದು. ಫ್ಯಾಬ್-7 ಗಂಡಿನಲ್ಲಿ ನಾನು ಎಣಿಸಿದೆ, ಮತ್ತೆ ಎಣಿಸಿದೆ. ಕಪ್ಪು ಪಟ್ಟಿ ಒಂದೇ. ಆರನೆಯದು ಇಲ್ಲವೇ ಇಲ್ಲ. ಆದರೆ ಆರನೇ ಪಟ್ಟಿಯ ಡಿಎನ್‌ಎ ಅಳಿಸಿರಲಿಲ್ಲ. ಆರು ಮತ್ತು ಏಳರ ನಡುವಿನ ಗಡಿ ಮಾತ್ರ ಹೋಗಿತ್ತು. ಏಳನೆಯದಕ್ಕೆ ಮೀಸಲಾದ ಆದೇಶ ಆರರಲ್ಲೂ ನಡೆದುಬಿಟ್ಟಿತು. ಗಂಡು ನೊಣದಲ್ಲಿ ಏಳನೇ ಪಟ್ಟಿ ಹೇಗೂ ಬೆಳೆಯುವುದಿಲ್ಲ. ಏಳಾಗಲು ಹೋದ ಆರೂ ಅದರ ಜೊತೆಗೇ ಮಾಯ. ಹೈದರಾಬಾದಿನ ಸಿಸಿಎಂಬಿ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ರಾಕೇಶ್ ಮಿಶ್ರಾ ಅವರ ತಂಡ ಇಂಥ ಗಡಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಅವರು ಆಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ನಿರ್ದೇಶಕರೂ ಆದರು.

ಮನುಷ್ಯರಲ್ಲಿ ಈ ಬದು ಕಟ್ಟುವುದು ಮುಖ್ಯವಾಗಿ ಎರಡು ಪ್ರೋಟೀನು. ಒಂದು ಕೊಹೆಸಿನ್, ಇನ್ನೊಂದು ಸಿಟಿಸಿಎಫ್. ಕೊಹೆಸಿನ್ ಒಂದು ಉಂಗುರ. ಅದು ಡಿಎನ್‌ಎ ದಾರವನ್ನು ತನ್ನೊಳಗೆ ಎಳೆದುಕೊಳ್ಳುತ್ತಾ ಹೋಗುತ್ತದೆ, ಆಚೆ ಕಡೆ ಕುಣಿಕೆ ದೊಡ್ಡದಾಗುತ್ತಾ ಬರುತ್ತದೆ. ಸಿಟಿಸಿಎಫ್ ದಾರದ ಮೇಲಿನ ಗಂಟಿನ ಹಾಗೆ. ಗಂಟು ಎದುರಾದರೆ ಎಳೆಯುವುದು ನಿಲ್ಲುತ್ತದೆ. ಈ ಗಂಟಿಗೆ ಮುಖ ಬೇರೆ ಇದೆ. ಒಂದು ದಿಕ್ಕಿನಿಂದ ಬಂದ ಉಂಗುರವನ್ನು ತಡೆಯುತ್ತದೆ, ಇನ್ನೊಂದು ದಿಕ್ಕಿನದ್ದನ್ನು ಸಾಮಾನ್ಯವಾಗಿ ಬಿಡುತ್ತದೆ. ಹೀಗೆ ಎರಡು ಮೀಟರ್ ಉದ್ದದ ದಾರ, ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೂ ಇಲ್ಲದ ಕೋಶಕೇಂದ್ರದಲ್ಲಿ ಕುಣಿಕೆ ಕುಣಿಕೆಯಾಗಿ ಕೂರುತ್ತದೆ. ಒಂದೇ ಕುಣಿಕೆಯೊಳಗಿನ ತೂಬು ಮತ್ತು ಜೀನ್ ಮತ್ತೆ ಮತ್ತೆ ಭೇಟಿಯಾಗುತ್ತವೆ. ಬೇರೆ ಕುಣಿಕೆಯವು ಅಪರೂಪಕ್ಕೆ. ಇಂಥ ಒಂದೊಂದು ಮಡಿಯ ಹೆಸರೇ ಟ್ಯಾಡ್. 2012ರಲ್ಲಿ ಇವುಗಳ ನಕ್ಷೆ ಮೊದಲ ಸಲ ಹೊರಬಂತು. ಅಂದರೆ ನಾನು ಎಂಬಿಬಿಎಸ್ ಓದುವಾಗ ಈ ಪದವೇ ಇರಲಿಲ್ಲ. ಹಳೆಯ ಡಾಕ್ಟರೊಬ್ಬರು 'ಇದೆಲ್ಲ ನಮಗೆ ಗೊತ್ತಿಲ್ಲಮ್ಮ' ಅಂದರೆ ಬೇಜಾರು ಮಾಡಿಕೊಳ್ಳಬೇಡಿ.

ಇನ್ನು ನಿಮ್ಮ ಮಗನ ಕೈಗೆ ಬರೋಣ. 2ನೇ ಕ್ರೋಮೋಸೋಮಿನ ಆ ಜಾಗದಲ್ಲಿ ಮೂರು ಮಡಿ ಒಂದರ ಪಕ್ಕ ಒಂದಿವೆ. ನಡುವಿನ ಮಡಿ ಇಪಿಎಚ್‌ಎ-4 ಜೀನಿನದು. ಅಲ್ಲಿ ಕೈಕಾಲಿನ ಮೊಗ್ಗಿನಲ್ಲಿ ಜೋರಾಗಿ ನೀರು ಬಿಡುವ ತೂಬುಗಳಿವೆ. ಒಂದು ಪಕ್ಕದ ಮಡಿಯಲ್ಲಿ ಪ್ಯಾಕ್ಸ್-3. ಇನ್ನೊಂದು ಪಕ್ಕದಲ್ಲಿ ಡಬ್ಲ್ಯುಎನ್‌ಟಿ-6 ಮತ್ತು ಐಎಚ್‌ಎಚ್. ಬರ್ಲಿನ್ನಿನಲ್ಲಿ ಸ್ಟೆಫಾನ್ ಮುಂಡ್ಲೋಸ್ ಅವರ ತಂಡ 2015ರಲ್ಲಿ ನಿಮ್ಮ ಮನೆಯಂಥದ್ದೇ ಕುಟುಂಬಗಳನ್ನು ವರದಿ ಮಾಡಿತು. ಹೆಬ್ಬೆರಳು, ತೋರುಬೆರಳು ಗಿಡ್ಡ. ಅಪ್ಪನಿಂದ, ಅಮ್ಮನಿಂದ ಮಕ್ಕಳಿಗೆ ಬಂದದ್ದು. ಎಲ್ಲರಲ್ಲೂ 17-19 ಲಕ್ಷ ಅಕ್ಷರ ಕಾಣೆ. ಇಪಿಎಚ್‌ಎ-4 ಹೋಗಿದೆ, ಅದರ ಮತ್ತು ಪ್ಯಾಕ್ಸ್-3 ನಡುವಿನ ಬದುವೂ ಹೋಗಿದೆ, ಆದರೆ ಕೈಯ ತೂಬುಗಳು ಉಳಿದಿವೆ. ಪ್ಯಾಕ್ಸ್-3ಕ್ಕೆ ಬೆರಳಿನ ತುದಿಯಲ್ಲಿ ಏನೂ ಕೆಲಸವಿಲ್ಲ. ಅದರ ಕೆಲಸ ಸ್ನಾಯುವಿನ ಮೂಲ ಕೋಶಗಳಲ್ಲಿ, ಬಣ್ಣ ಕೊಡುವ ಕೋಶಗಳಲ್ಲಿ. ಬದು ಇಲ್ಲದ ಮೇಲೆ ಇಪಿಎಚ್‌ಎ-4ರ ನೀರು ಅದಕ್ಕೆ ನುಗ್ಗಿತು. ಬೆರಳು ಬೆಳೆಯುವ ಜಾಗದಲ್ಲಿ ಪ್ಯಾಕ್ಸ್-3 ಎದ್ದು ಕೂತಿತು, ಬೆರಳು ಗಿಡ್ಡವಾಯಿತು. 'ಪ್ಯಾಕ್ಸ್-3 ಸರಿ ಇದ್ದ ಮೇಲೆ ತೊಂದರೆ ಯಾಕೆ' ಅಂತ ಕೇಳಿದಿರಲ್ಲ. ಸರಿ ಇದ್ದದ್ದಕ್ಕೇ ತೊಂದರೆ. ಕೆಟ್ಟಿದ್ದರೆ ಎದ್ದು ಕೂರುತ್ತಲೇ ಇರಲಿಲ್ಲ.

ಆ ತಂಡದವರು ಮಾಡಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ಅನ್ನುವ ವಿಧಾನ ಬಳಸಿ ಇಲಿಗಳಲ್ಲಿ ಅದೇ ತುಂಡನ್ನು ಕತ್ತರಿಸಿದರು. ಇಲಿಮರಿಗಳ ಬೆರಳು ಗಿಡ್ಡವಾಯಿತು. ಆಮೇಲೆ ಬೇರೆ ಇಲಿಗಳಲ್ಲಿ ಹೆಚ್ಚುಕಮ್ಮಿ ಅದೇ ತುಂಡು ತೆಗೆದರು, ಆದರೆ ಬದುವನ್ನು ಮಾತ್ರ ಉಳಿಸಿದರು. ಇಪಿಎಚ್‌ಎ-4 ಈ ಇಲಿಗಳಲ್ಲೂ ಇಲ್ಲ. ಪ್ಯಾಕ್ಸ್-3 ಏಳಲೇ ಇಲ್ಲ. ಹಾಗಾಗಿ ರಿಪೋರ್ಟಿನಲ್ಲಿ ದಪ್ಪ ಅಕ್ಷರದಲ್ಲಿ ಬಂದ ಆ ಜೀನ್ ಬೆರಳಿನ ವಿಷಯದಲ್ಲಿ ಕಳ್ಳ ಅಲ್ಲ. ಅದೇ ಬೀದಿಯಲ್ಲಿ ಇನ್ನೊಂದು ಪಕ್ಕದ ಬದು ಒಡೆದರೆ ಕಥೆಯೇ ಬೇರೆ. ಡಬ್ಲ್ಯುಎನ್‌ಟಿ-6 ಎದ್ದರೆ ಬೆರಳು ಕೂಡಿಕೊಳ್ಳುತ್ತವೆ, ಐಎಚ್‌ಎಚ್ ಎದ್ದರೆ ಬೆರಳಿನ ಸಂಖ್ಯೆ ಜಾಸ್ತಿಯಾಗುತ್ತದೆ. ತೂಬುಗಳು ಅವೇ, ನೀರು ಹೋದ ಗದ್ದೆ ಮಾತ್ರ ಬೇರೆ.

ಹಾಗಂತ 'ಬೌಂಡರಿ ಹೋಗಿದೆ' ಅಂದ ತಕ್ಷಣ ಅನಾಹುತ ಅಂತ ಹೇಳಲಾಗದು. ಈ ಮಾತನ್ನು ನಾನು ಸ್ವಲ್ಪ ಒತ್ತಿ ಹೇಳಬೇಕು, ಯಾಕೆಂದರೆ ಇತ್ತೀಚೆಗೆ ರಿಪೋರ್ಟುಗಳಲ್ಲಿ ಈ ಪದ ಫ್ಯಾಷನ್ ಆಗಿದೆ. ಬದು ಅಂದೆನಲ್ಲ, ಅದು ಕಾಂಕ್ರೀಟಿನದ್ದಲ್ಲ. 2017ರಲ್ಲಿ ಲ್ಯಾಬಿನ ಜೀವಕೋಶಗಳಿಂದ ಕೊಹೆಸಿನ್ ಅನ್ನು ಪೂರ್ತಿ ತೆಗೆದು ನೋಡಿದರು. ಕುಣಿಕೆಗಳೆಲ್ಲ ಬಿಚ್ಚಿಹೋದವು. ಆದರೂ ಕೆಲವು ಗಂಟೆಗಳಲ್ಲಿ ದೊಡ್ಡದಾಗಿ ಏರುಪೇರಾದ ಜೀನುಗಳು ಕಮ್ಮಿಯೇ. ಅಷ್ಟಕ್ಕೇ ಬದುಗಳೆಲ್ಲ ಸುಮ್ನೆ ಅಂತಲೂ ಅಲ್ಲ. ಸಿಟಿಸಿಎಫ್ ಇಲ್ಲದ ಇಲಿಯ ಭ್ರೂಣ ಗರ್ಭಕೋಶಕ್ಕೆ ಅಂಟುವ ಮೊದಲೇ ಸಾಯುತ್ತದೆ. ಎರಡೂ ನಿಜ. ಒಂದು ಬದು ಒಡೆದರೆ ಏನಾಗುತ್ತದೆ ಅನ್ನುವುದು ಆಚೆ ಈಚೆ ಏನು ಬೆಳೆದಿದೆ ಅನ್ನುವುದರ ಮೇಲೆ. ಭತ್ತದ ಗದ್ದೆಯಿಂದ ಇನ್ನೊಂದು ಭತ್ತದ ಗದ್ದೆಗೆ ನೀರು ಹೋದರೆ ಯಾರಿಗೆ ನಷ್ಟ?

ಇದಕ್ಕೆ ಸಾಕ್ಷಿ 17ನೇ ಕ್ರೋಮೋಸೋಮಿನ ಸಾಕ್ಸ್-9 ಜಾಗ. ಅಲ್ಲಿ ಡಿಎನ್‌ಎ ತುಂಡೊಂದು ಎರಡೆರಡು ಸಲ ಬಂದಿರುವ ಜನ ಇದ್ದಾರೆ. ತುಂಡು ಒಂದೇ ಮಡಿಯ ಒಳಗಿದ್ದರೆ, ಕ್ರೋಮೋಸೋಮಿನ ಪ್ರಕಾರ ಹೆಣ್ಣಾಗಬೇಕಾದ ಮಗು ಗಂಡಾಗಿ ಬೆಳೆಯಬಹುದು. ಅದಕ್ಕಿಂತ ದೊಡ್ಡ ತುಂಡು, ಬದುವನ್ನೂ ದಾಟಿದ್ದರೆ, ಏನೂ ಆಗುವುದಿಲ್ಲ! ಹೊಸದೊಂದು ಖಾಲಿ ಮಡಿ ಹುಟ್ಟಿಕೊಳ್ಳುತ್ತದೆ, ಅದರಲ್ಲಿ ಬೆಳೆಯೇ ಇಲ್ಲ. ಇನ್ನೂ ಸ್ವಲ್ಪ ದೊಡ್ಡದಾಗಿ ಕೆಸಿಎನ್‌ಜೆ-2 ಅನ್ನುವ ಜೀನ್ ಆ ಹೊಸ ಮಡಿಯೊಳಗೆ ಬಂದರೆ ಉಗುರೇ ಇಲ್ಲದ ಬೆರಳು. ಉದ್ದ ಜಾಸ್ತಿಯಾದಷ್ಟೂ ರೋಗ ಜಾಸ್ತಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ದೇಹವೇ ಬೇಕಂತಲೇ ಬದುವಿಗೆ ಕಂಡಿ ಬಿಡುವುದೂ ಉಂಟು. ಬೆಳವಣಿಗೆಗೆ ಬೇಕಾದ ಐಜಿಎಫ್-2 ಜೀನಿನ ಮುಂದೆ ಅಮ್ಮನಿಂದ ಬಂದ ಪ್ರತಿಯಲ್ಲಿ ಬದು ಗಟ್ಟಿಯಾಗಿ ನಿಂತಿರುತ್ತದೆ, ಅಪ್ಪನಿಂದ ಬಂದ ಪ್ರತಿಯಲ್ಲಿ ತೆರೆದಿರುತ್ತದೆ. ಅಪ್ಪನ ಪ್ರತಿ ಮಾತ್ರ ದುಡಿಯುತ್ತದೆ.

ನೀವು ಮೊಬೈಲಿನಲ್ಲಿ ಓದಿದ ಕ್ಯಾನ್ಸರ್ ವಿಷಯವೂ ಸುಳ್ಳಲ್ಲ, ಆದರೆ ಅದು ಬೇರೆ ಊರಿನ ಕಥೆ. ಕೆಲವು ಮಿದುಳು ಗೆಡ್ಡೆಗಳಲ್ಲಿ, ರಕ್ತದ ಕ್ಯಾನ್ಸರುಗಳಲ್ಲಿ ಗೆಡ್ಡೆಯ ಕೋಶದೊಳಗೆ ಬದುಗಳು ಒಡೆದಿರುವುದು ಕಂಡಿದೆ. ಅವು ಅಪ್ಪ ಅಮ್ಮನಿಂದ ಬಂದವಲ್ಲ, ಆಮೇಲೆ ಆ ಕೋಶದಲ್ಲಿ ಮಾತ್ರ ಆದ ಬದಲಾವಣೆಗಳು. ಬದುಗಳೂ ಬೇರೆ, ಜೀನುಗಳೂ ಬೇರೆ. ನಿಮ್ಮ ಮಗನಿಗೆ ಅದನ್ನು ಅಂಟಿಸಬೇಡಿ.

ಬುದ್ಧಿಯ ಪ್ರಶ್ನೆಗೆ ನನ್ನಲ್ಲಿರುವ ಉತ್ತಮ ಉತ್ತರ ನಿಮ್ಮ ಮನೆಯಲ್ಲೇ ಇದೆ. 18 ಲಕ್ಷ ಅಂದರೆ ದೊಡ್ಡ ಸಂಖ್ಯೆ ಅನಿಸುತ್ತದೆ. 300 ಕೋಟಿಯಲ್ಲಿ ಅದು ಸಾವಿರಕ್ಕೆ ಒಂದೂ ಅಲ್ಲ. ಆ ಜಾಗ ಬಹುಪಾಲು ಬಯಲು, ಜೀನ್ ಕಮ್ಮಿ. ವರದಿಯಾದ ಆ ಕುಟುಂಬಗಳಲ್ಲಿ ಕಂಡದ್ದು ಮುಖ್ಯವಾಗಿ ಬೆರಳಿನ ತೊಂದರೆ. ಜೊತೆಗೆ ನಿಮ್ಮ ಯಜಮಾನರು ಇದ್ದಾರೆ, ಮಾವನವರು ಬಾಳಿ ಹೋದರು. ಅವರಿಗೂ ಇದೇ ಬದಲಾವಣೆ ಇತ್ತು ಅಂತಾದರೆ, ಮಗ ಹೇಗೆ ಬೆಳೆಯುತ್ತಾನೆ ಅಂತ ಯಾವ ಯಂತ್ರಕ್ಕಿಂತ ಚೆನ್ನಾಗಿ ಅವರ ಬದುಕೇ ಹೇಳುತ್ತದೆ. ಈ 'ಅಂತಾದರೆ' ಮುಖ್ಯ. ಅದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಯಜಮಾನರ ರಕ್ತದಲ್ಲಿ ಅದೇ ತುಂಡು ಕಾಣೆಯಾಗಿದ್ದು, ಬೆರಳು ಸರಿ ಇರುವ ಅವರ ಅಕ್ಕನಲ್ಲಿ ತುಂಡು ಇದ್ದರೆ, 'ಅರ್ಥ ಖಚಿತವಿಲ್ಲ' ಅನ್ನುವ ಸಾಲನ್ನು ಲ್ಯಾಬಿನವರು ತಿದ್ದಿ ಬರೆಯಲು ಗಟ್ಟಿ ಕಾರಣ ಸಿಗುತ್ತದೆ. ಅಕ್ಕನವರಿಗೆ ಇಷ್ಟವಿದ್ದರೆ ಮಾತ್ರ. ಒತ್ತಾಯ ಬೇಡ.

ರಿಪೋರ್ಟಿನಲ್ಲಿ ಇನ್ನೊಂದು ಕಡೆ ಕಣ್ಣಾಡಿಸಿ. ಕಾಣೆಯಾದ ತುಂಡು ಎಲ್ಲಿ ಶುರು, ಎಲ್ಲಿ ಕೊನೆ ಅಂತ ಎರಡು ದೊಡ್ಡ ಸಂಖ್ಯೆ ಇರುತ್ತವೆ. ಪಕ್ಕದಲ್ಲಿ ಎಚ್‌ಜಿ-19 ಅಥವಾ ಎಚ್‌ಜಿ-38 ಅಂತ ಬರೆದಿರುತ್ತದೆ, ಅದು ಯಾವ ನಕ್ಷೆ ಬಳಸಿದ್ದಾರೆ ಅಂತ. ಕೊನೆಯ ಸಂಖ್ಯೆ ಪ್ಯಾಕ್ಸ್-3ರ ಒಳಗೆ ಹೋಗಿಲ್ಲ ಅಂತ ಡಾಕ್ಟರರ ಹತ್ತಿರ ಖಚಿತ ಮಾಡಿಕೊಳ್ಳಿ. ಒಳಗೆ ಹೋಗಿದ್ದರೆ ವಿಷಯ ಬೇರೆ. ಪ್ಯಾಕ್ಸ್-3ರ ಒಂದು ಪ್ರತಿ ಕೆಟ್ಟರೆ ವಾರ್ಡನ್‌ಬರ್ಗ್ ಸಿಂಡ್ರೋಮ್ ಬರುತ್ತದೆ, ಅದರಲ್ಲಿ ಕಿವಿ ಕೇಳಿಸದಿರಬಹುದು, ಹಣೆಯ ಮೇಲೆ ಬಿಳಿ ಕೂದಲು ಬರಬಹುದು. ನಿಮ್ಮ ವಿವರಣೆಯಲ್ಲಿ ಅಂಥದ್ದೇನೂ ಇಲ್ಲ. ಆದರೂ ಮಗನಿಗೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿದರೆ ನಷ್ಟವಿಲ್ಲ.

ಮಗನ ಕೈಗೆ ಈಗ ಜೀನ್ ಚಿಕಿತ್ಸೆ ಇಲ್ಲ. ಬದು ಮತ್ತೆ ಕಟ್ಟಿದರೂ ಬೆಳೆದು ಮುಗಿದ ಬೆರಳು ಉದ್ದವಾಗುವುದಿಲ್ಲ. ಯಾರಾದರೂ ಸ್ಟೆಮ್ ಸೆಲ್ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ಕೇಳಬೇಕಾದ ಪ್ರಶ್ನೆ ಒಂದೇ: ಅವನು ಎರಡು ಬೆರಳಲ್ಲಿ ಚಿಟಿಕೆ ಹಿಡಿಯುತ್ತಾನಾ? ನೆಲದ ಮೇಲೆ ನಾಲ್ಕು ಕಾಳು ಅವಲಕ್ಕಿ ಚೆಲ್ಲಿ ನೋಡಿ. ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಎತ್ತುತ್ತಾನೋ, ಮಧ್ಯದ ಬೆರಳು ಬಳಸುತ್ತಾನೋ, ಅಂಗೈಯಲ್ಲಿ ಗುಡಿಸುತ್ತಾನೋ ಗಮನಿಸಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಅದನ್ನು ಮಕ್ಕಳ ಕೈ ಸರ್ಜರಿ ಮಾಡುವವರಿಗೆ ತೋರಿಸಿ. ಬೆರಳುಗಳ ನಡುವಿನ ಚರ್ಮ ಬಿಗಿಯಾಗಿದ್ದು ಹಿಡಿತಕ್ಕೆ ಅಡ್ಡಿಯಾಗಿದ್ದರೆ ಅದನ್ನು ಬಿಡಿಸುವ ಸರ್ಜರಿ ಚಿಕ್ಕ ವಯಸ್ಸಿನಲ್ಲೇ ಮಾಡುತ್ತಾರೆ. ಅರಿವಳಿಕೆಯ ಅಪಾಯ ಇದ್ದದ್ದೇ, ಗಾಯದ ಕಲೆ ಕೈ ಬೆಳೆಯುತ್ತಾ ಮತ್ತೆ ಬಿಗಿಯಬಹುದು. ಮೂಳೆ ಎಳೆದು ಉದ್ದ ಮಾಡುವ ಸರ್ಜರಿಯೂ ಇದೆ. ತಿಂಗಳುಗಟ್ಟಲೆ ಪಿನ್ನು, ಪಿನ್ನಿನ ಜಾಗದಲ್ಲಿ ಕೀವು, ಕೀಲು ಗಡುಸಾಗುವುದು, ಇದೆಲ್ಲ ಅದರ ಜೊತೆಗೆ ಬರುತ್ತದೆ. ನೋಡಲು ಚೆಂದ ಕಾಣಲಿ ಅಂತ ಮಾತ್ರ ಅದನ್ನು ಮಾಡಿಸಬೇಡಿ. ಅಪ್ಪ ಅದೇ ಬೆರಳಲ್ಲಿ ಅಡಿಕೆ ಸುಲಿಯುತ್ತಾರಾ ಅಂತ ನೀವು ಬರೆದಿಲ್ಲ. ಸುಲಿಯುತ್ತಾರೆ ಅಂತ ನನ್ನ ಊಹೆ.

ಎರಡನೇ ಮಗು. ಬದಲಾವಣೆ ಯಜಮಾನರಲ್ಲಿದ್ದರೆ ಪ್ರತಿ ಗರ್ಭಕ್ಕೂ ಅರ್ಧಕ್ಕರ್ಧ ಸಾಧ್ಯತೆ. ನಾಣ್ಯ ಚಿಮ್ಮಿದ ಹಾಗೆ. ಮೊದಲನೆಯವನಿಗೆ ಬಂದದ್ದಕ್ಕೆ ಎರಡನೆಯದಕ್ಕೆ ಬರುವುದಿಲ್ಲ ಅನ್ನುವ ಲೆಕ್ಕವಿಲ್ಲ. ಬಂದರೆ ಎಷ್ಟು ಬರುತ್ತದೆ ಅಂತ ಯಾವ ಪರೀಕ್ಷೆಯೂ ಹೇಳುವುದಿಲ್ಲ. ಇದನ್ನು ಮರೆಯಬೇಡಿ, ಮುಂದಿನ ಎಲ್ಲಾ ಮಾತೂ ಇದರ ಮೇಲೇ ನಿಂತಿದೆ.

ಏನೂ ಪರೀಕ್ಷೆ ಬೇಡ ಅಂತ ಮುಂದುವರಿಯುವುದು ಒಂದು ದಾರಿ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಕೈ ನೋಡುತ್ತಾರೆ, ಆದರೆ ಮಗು ಮುಷ್ಟಿ ಬಿಗಿದು ಕೂತಿದ್ದರೆ ಗಿಡ್ಡ ಹೆಬ್ಬೆರಳು ತಪ್ಪಿಹೋಗುತ್ತದೆ. ಗರ್ಭದಲ್ಲೇ ಖಚಿತವಾಗಿ ಗೊತ್ತಾಗಬೇಕು ಅಂದರೆ 11ರಿಂದ 14ನೇ ವಾರದಲ್ಲಿ ಮಾಸಿನ ತುಣುಕು ತೆಗೆಯಬಹುದು, ಇಲ್ಲವೇ 16 ವಾರ ಆದ ಮೇಲೆ ಮಗುವಿನ ಸುತ್ತಲಿನ ನೀರು ತೆಗೆದು ನೋಡಬಹುದು. ನುರಿತ ಕೈಯಲ್ಲಿ ಇದರಿಂದ ಗರ್ಭ ಹೋಗುವ ಅಪಾಯ 200ಕ್ಕೆ ಒಂದಕ್ಕಿಂತ ಕಮ್ಮಿ. ಕಮ್ಮಿಯೇ, ಸೊನ್ನೆಯಲ್ಲ. ತಾಯಿಯ ರಕ್ತದಲ್ಲೇ ನೋಡುವ ನಿಪ್ಟ್ ಪರೀಕ್ಷೆ 'ನಾರ್ಮಲ್' ಬಂತು ಅಂತ ನೆಮ್ಮದಿಯಾಗಬೇಡಿ. ಅದು ಮುಖ್ಯವಾಗಿ 21, 18, 13ನೇ ಕ್ರೋಮೋಸೋಮ್ ಹೆಚ್ಚಿದೆಯಾ ಅಂತ ನೋಡುವುದಕ್ಕೆ, ನಿಮ್ಮ ಈ ತುಂಡನ್ನು ಹುಡುಕುವುದಕ್ಕಲ್ಲ. ಗರ್ಭದ ಪರೀಕ್ಷೆಯಲ್ಲಿ 'ಇದೆ' ಅಂತ ಬಂದರೆ ಏನು ಮಾಡುತ್ತೀರಿ ಅನ್ನುವುದನ್ನು ಪರೀಕ್ಷೆಗೆ ಮೊದಲೇ ಇಬ್ಬರೂ ಕೂತು ಮಾತಾಡಿ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ಡಾಕ್ಟರ, ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶವಿದೆ. ಅದನ್ನು ದಾಟಿದರೆ ಮೆಡಿಕಲ್ ಬೋರ್ಡ್, ಅದೂ ಮಗುವಿಗೆ ಗಂಭೀರ ನ್ಯೂನತೆ ಇದ್ದರೆ. ಗಿಡ್ಡ ಹೆಬ್ಬೆರಳನ್ನು ಬೋರ್ಡಿನವರು ಗಂಭೀರ ಅನ್ನುತ್ತಾರೆ ಅಂತ ನನಗನಿಸುವುದಿಲ್ಲ. 'ಏನೇ ಬಂದರೂ ಇಟ್ಟುಕೊಳ್ಳುತ್ತೇವೆ' ಅನ್ನುವವರಿಗೆ ನಾನು ಸೂಜಿ ಪರೀಕ್ಷೆ ಬೇಡ ಅಂತಲೇ ಹೇಳುವುದು. ಬರೀ ಕುತೂಹಲಕ್ಕೆ ಅಷ್ಟು ಅಪಾಯವೂ ಜಾಸ್ತಿಯೇ.

ಐವಿಎಫ್ ಮಾಡಿ, ಬದಲಾವಣೆ ಇಲ್ಲದ ಭ್ರೂಣವನ್ನು ಆರಿಸಿ ಗರ್ಭಕ್ಕೆ ಬಿಡುವ ದಾರಿಯೂ ಇದೆ. ಖರ್ಚು ಲಕ್ಷಗಳಲ್ಲಿ. ಇಂಜೆಕ್ಷನ್ನುಗಳ ಕಷ್ಟ ನಿಮಗೆ, ಒಂದೇ ಸುತ್ತಿನಲ್ಲಿ ಗರ್ಭ ನಿಲ್ಲುತ್ತದೆ ಅನ್ನುವ ಭರವಸೆ ಇಲ್ಲ. ಆರಿಸಿಟ್ಟ ಮೇಲೂ ಗರ್ಭದ ಪರೀಕ್ಷೆ ಮಾಡಿಸಿ ಅನ್ನುತ್ತಾರೆ. ಮಗುವಿನ ಜೀವಕ್ಕೇ ಕುತ್ತು ತರುವ ಕಾಯಿಲೆ ಇರುವ ಮನೆಗಳಿಗೆ ನಾನೇ ಈ ದಾರಿ ತೋರಿಸುತ್ತೇನೆ. ನಿಮಗೆ ತೋರಿಸುವಾಗ ನಾಲಗೆ ಸ್ವಲ್ಪ ತಡೆಯುತ್ತದೆ. ಒಮ್ಮೆ ಇದೇ ಥರದ ಬೆರಳಿನ ಕುಟುಂಬವೊಂದು ಬಂದಿತ್ತು. ಒಂದು ಕ್ಲಿನಿಕ್ಕಿನಲ್ಲಿ ಅವರಿಗೆ 'ವಂಶಕ್ಕೇ ಕಳಂಕ, ಈಗಲೇ ನಿಲ್ಲಿಸಿ' ಅಂತ ಹೇಳಿ ಎರಡು ಸುತ್ತು ಐವಿಎಫ್ ಮಾಡಿಸಿದ್ದರು. ಆ ಹೆಂಗಸಿನ ಗಂಡ ಹೊಲಿಗೆ ಕೆಲಸದವರು. ನನ್ನ ಮುಂದೆ ಕೂತು, ಗಿಡ್ಡ ಹೆಬ್ಬೆರಳಿನಲ್ಲೇ ಮಾತಾಡುತ್ತಾ ಮಾತಾಡುತ್ತಾ ಶರ್ಟಿನ ಸಡಿಲವಾದ ಗುಂಡಿಯ ದಾರವನ್ನು ಗಂಟು ಹಾಕಿಕೊಳ್ಳುತ್ತಿದ್ದರು.

ಧೈರ್ಯ ಮಾಡಬಹುದಾ ಅಂತ ಕೇಳಿದ್ದೀರಿ. ಕಾಗದದ ಮೇಲಿರುವುದನ್ನು ನೋಡಿದರೆ ಮಾಡಬಹುದು. ಆದರೆ ಮೊದಲು ಯಜಮಾನರ ರಕ್ತ ಕೊಟ್ಟು ಬನ್ನಿ. ಅವರಲ್ಲಿ ಈ ತುಂಡು ಕಾಣೆಯಾಗಿಲ್ಲ ಅಂತ ಬಂದರೆ, ಇಲ್ಲಿ ಬರೆದ ಅರ್ಧ ಮಾತನ್ನು ಬದಿಗಿಟ್ಟು ಮತ್ತೆ ಮೊದಲಿಂದ ಹುಡುಕಬೇಕು, ಆಗ ಇಡೀ ಜೀನೋಮ್ ಓದುವ ಪರೀಕ್ಷೆಯ ಬಗ್ಗೆ ಯೋಚಿಸೋಣ. ಇದ್ದರೆ ಎರಡೂ ರಿಪೋರ್ಟು ಜೊತೆಗಿಟ್ಟುಕೊಂಡು, ಅವಲಕ್ಕಿ ವಿಡಿಯೋ ತೆಗೆದುಕೊಂಡು, ಗರ್ಭ ನಿಲ್ಲುವ ಮೊದಲೇ ಜೆನೆಟಿಕ್ಸ್ ಡಾಕ್ಟರರ ಹತ್ತಿರ ಅರ್ಧ ಗಂಟೆಯ ಅಪಾಯಿಂಟ್‌ಮೆಂಟ್ ಕೇಳಿ. ಫೋಲಿಕ್ ಆಸಿಡ್ ಮಾತ್ರೆ ಈ ಬೆರಳಿಗೆ ಏನೂ ಮಾಡುವುದಿಲ್ಲ, ಆದರೂ ಗರ್ಭಕ್ಕೆ ಒಂದೆರಡು ತಿಂಗಳು ಮೊದಲೇ ಶುರು ಮಾಡಿ. ಅದು ಮಗುವಿನ ಬೆನ್ನುಹುರಿಗೆ.